ಹಾಸಿಗೆ ಹಿಡಿದ ವೃದ್ಧರನ್ನು ಎಬ್ಬಿಸಿದ ವೈದ್ಯೆ

ಇಂಗ್ಲೆಂಡ್ ದೇಶದಲ್ಲಿ 1834ರ ಬಡವರ ಕಾಯಿದೆಯ ಮೇರೆಗೆ ಬೆಳೆದ ದುಡಿಮೆಮನೆಗಳು ನಿರ್ಗತಿಕರಿಗೆ ಕಡೆಯ ಆಶ್ರಯಗಳಾಗಿದ್ದವು. ಕಾಲಕ್ರಮದಲ್ಲಿ ಅವುಗಳ ರೋಗಿಶಾಲೆಗಳು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಮುದುಕ ಮುದುಕಿಯರಿಂದ ತುಂಬಿಹೋದವು. ಪಾರ್ಶ್ವವಾಯು ಬಡಿದವರು, ಸಂಧಿವಾತದಿಂದ ಕೀಲು ಬಿಗಿದವರು, ತೊಡೆಯ ಮೂಳೆ ಮುರಿದವರು, ಇವರೆಲ್ಲರಿಗೂ ‘ವಾಸಿಯಾಗದವರು’ ಎಂಬ ಒಂದೇ ಹೆಸರು. ಅನ್ನವೂ ಹಾಸಿಗೆಯೂ ದೊರೆಯುತ್ತಿದ್ದವು, ಚಿಕಿತ್ಸೆಯು ಅಪರೂಪವಾಗಿತ್ತು. ದಯೆಯ ಕೊರತೆಗಿಂತಲೂ ವಿಚಾರದ ಕೊರತೆಯೇ ಇಲ್ಲಿ ಹೆಚ್ಚೆನ್ನಬೇಕು.

1929ರ ಸ್ಥಳೀಯ ಆಡಳಿತದ ಕಾಯಿದೆಯು ಈ ಶಾಲೆಗಳನ್ನು ಜಿಲ್ಲಾಮಂಡಲಿಗಳ ವಶಕ್ಕೆ ಕೊಟ್ಟಿತು. ಅದರಂತೆ 1935ರಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ಐಸಲ್‌ವರ್ತಿನ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆಯು ಪಕ್ಕದ ರೋಗಿಶಾಲೆಯನ್ನು ತನ್ನದಾಗಿಸಿಕೊಂಡಿತು. ಅಲ್ಲಿದ್ದವರು 714 ಮಂದಿ. ಅವರ ಹೊಣೆಯು ಡಾಕ್ಟರ್ ಮಾರ್ಜರಿ ವಾರೆನ್ (1897–1960) ಎಂಬ ವೈದ್ಯೆಯ ಪಾಲಿಗೆ ಬಂದಿತು.

ಆಕೆ ಮೊದಲು ಮಾಡಿದ ಕೆಲಸ ಅತಿ ಸರಳವಾದುದು: ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದಳು. ಒಬ್ಬರ ರೋಗವು ಮತ್ತೊಬ್ಬರ ರೋಗವಲ್ಲವೆಂದು ವಿಂಗಡಿಸಿದಳು. ಅನೇಕರಲ್ಲಿ ಮೂಲವ್ಯಾಧಿಗಿಂತ ಹಾಸಿಗೆಯೇ ಹೆಚ್ಚು ಹಾನಿ ಮಾಡಿದ್ದಿತು. ಬಹುಕಾಲ ಮಲಗಿದವರ ಮಾಂಸಖಂಡಗಳು ಸೊರಗುತ್ತವೆ, ಮಂಡಿಗಳು ಮಡಿಸಿದಂತೆಯೇ ಬಿಗಿಯುತ್ತವೆ, ಬೆನ್ನಿನಲ್ಲಿ ಹುಣ್ಣಾಗುತ್ತದೆ, ಮನಸ್ಸು ಮಂಕಾಗುತ್ತದೆ. ಆದುದರಿಂದ ವಾರೆನ್ ಕೊಠಡಿಗಳಿಗೆ ಬೆಳಕನ್ನೂ ಬಣ್ಣವನ್ನೂ ತಂದಳು; ತಕ್ಕ ಕುರ್ಚಿಗಳನ್ನೂ ಹಿಡಿದು ನಡೆಯುವ ಆಸರೆಗಳನ್ನೂ ಒದಗಿಸಿದಳು. ವೈದ್ಯರೂ ದಾದಿಯರೂ ಅಂಗಸಾಧನೆಯ ಶಿಕ್ಷಕರೂ ಕೂಡಿ ರೋಗಿಯನ್ನು ಕೂರಿಸುವುದು, ನಿಲ್ಲಿಸುವುದು, ನಡೆಯಿಸುವುದು ಎಂಬ ಕ್ರಮವು ನೆಲೆಗೊಂಡಿತು.

ಈ ಕ್ರಮದ ಮಹತ್ವವು ಲಿಂಗನಿಷ್ಠರಾದ ವಾಚಕರಿಗೆ ಬೇಗನೆ ತಿಳಿಯುವಂತಹುದು. ಎಡಭಾಗಕ್ಕೆ ಲಕ್ವ ಹೊಡೆದ ವೃದ್ಧನೊಬ್ಬನು ಇಷ್ಟಲಿಂಗವನ್ನು ಅಂಗೈಯಲ್ಲಿ ಧರಿಸಿ ಪೂಜಿಸಬೇಕಾದರೆ ಏನೇನು ಕೂಡಿಬರಬೇಕು! ಬೆನ್ನು ಆಸರೆಯಿಲ್ಲದೆ ನಿಲ್ಲಬೇಕು, ಮುಷ್ಟಿಗಟ್ಟಿದ ಬೆರಳುಗಳು ಬಿಡಿಸಬೇಕು, ಮಣಿಕಟ್ಟು ಅಲುಗದಿರಬೇಕು, ಕೊರಳು ದೃಷ್ಟಿಗೆ ತಕ್ಕಂತೆ ಬಾಗಬೇಕು. ಇವೊಂದೊಂದೂ ವಾರಗಟ್ಟಲೆ ಅಭ್ಯಾಸದಿಂದ ಬರುವ ಸಿದ್ಧಿಗಳು. ಕೆಲವರಿಗೆ ಪೂರ್ತಿಯಾಗಿ ಬಾರದೆಯೂ ಇರಬಹುದು. ತನ್ನ ಬಾಯಿಗೆ ತುತ್ತನ್ನು ತಾನೇ ಇಡುವುದೂ ತನ್ನ ಬಟ್ಟೆಯನ್ನು ತಾನೇ ಉಡುವುದೂ ಅಂತಹ ಮುದುಕನ ಪಾಲಿಗೆ ಕಾಯಕವೇ ಸರಿ. ಅದನ್ನು ಪ್ರೀತಿಯಿಂದಲೇ ಕಸಿದುಕೊಳ್ಳುವ ಮನೆಯವರು ಎಲ್ಲ ದೇಶಗಳಲ್ಲಿಯೂ ಉಂಟು.

ವಾರೆನ್ನಳ ರೋಗಿಗಳಲ್ಲಿ ಅನೇಕರು ಎದ್ದರು. ಕೆಲವರು ಮನೆಗೂ ಕೆಲವರು ವೃದ್ಧಾಶ್ರಮಗಳಿಗೂ ತೆರಳಿದರು. ಬೇಕಾಗುವ ಹಾಸಿಗೆಗಳ ಸಂಖ್ಯೆ 240ರವರೆಗೆ ಇಳಿಯಿತು. ಏಳದವರೂ ಇದ್ದರು, ಅವರ ಶುಶ್ರೂಷೆಯೂ ನಿಲ್ಲಲಿಲ್ಲ. 1943ರಲ್ಲಿಯೂ 1946ರಲ್ಲಿಯೂ ವೈದ್ಯಪತ್ರಿಕೆಗಳಲ್ಲಿ ಬರೆದ ಲೇಖನಗಳಲ್ಲಿ ಆಕೆ, ವೃದ್ಧರ ವಿಭಾಗವು ದೊಡ್ಡ ಆಸ್ಪತ್ರೆಯ ಒಳಗೇ ಇರಬೇಕೆಂದೂ ವೈದ್ಯವಿದ್ಯಾರ್ಥಿಗಳಿಗೆ ಅಲ್ಲಿ ಶಿಕ್ಷಣ ದೊರೆಯಬೇಕೆಂದೂ ವಾದಿಸಿದಳು. 1947ರಲ್ಲಿ ರಿಚರ್ಡ್ ಆಶರ್ ಎಂಬ ವೈದ್ಯನು ಹಾಸಿಗೆ ಹಿಡಿಯುವುದರ ಅಪಾಯಗಳನ್ನೇ ವಿಷಯವಾಗಿಟ್ಟುಕೊಂಡು ಬರೆದನು. ಅದೇ ವರ್ಷ ವೃದ್ಧರ ಪಾಲನೆಗಾಗಿ ವೈದ್ಯರ ಸಂಘವೊಂದು ಆ ದೇಶದಲ್ಲಿ ಹುಟ್ಟಿತು.

ಭಾರತದಲ್ಲಿ ಈ ವಿಚಾರವು ಸರ್ಕಾರದ ಯೋಜನೆಯ ರೂಪವನ್ನು ತಾಳಲು ಬಹಳ ಕಾಲ ಹಿಡಿಯಿತು. ವೃದ್ಧರ ಆರೋಗ್ಯಪಾಲನೆಯ ರಾಷ್ಟ್ರೀಯ ಕಾರ್ಯಕ್ರಮವು 2010ರಲ್ಲಿ ಆರಂಭವಾಯಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ವೃದ್ಧರಿಗೆಂದೇ 10 ಹಾಸಿಗೆಗಳ ಕೊಠಡಿಯನ್ನೂ, ಅದರೊಡನೆ ಅಂಗಸಾಧನೆಯ ಘಟಕವನ್ನೂ ಅದು ವಿಧಿಸಿತು.