‘ಈ ದೋಷ ಮೊದಲೇ ಇತ್ತು’: ಎತ್ತಿನಿಂದ ಫ್ರಿಜ್‌ವರೆಗೆ ವಾರಂಟಿಯ ಕಥೆ

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಸುಳಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಇಷ್ಟೆಲ್ಲ ನೋಡಿದರೂ ಒಳಗಿನ ರೋಗ ಕಾಣುವುದಿಲ್ಲ. ಮನೆಗೆ ತಂದ ಎಂಟೇ ದಿನಕ್ಕೆ ಎತ್ತು ಮಲಗಿದರೆ ನಷ್ಟ ಯಾರದು?

ಇವತ್ತು ಇದೇ ಪ್ರಶ್ನೆ ಫ್ರಿಜ್, ಪಂಪ್‌ಸೆಟ್, ಹಳೇ ಮನೆಯ ವೈರಿಂಗ್ ವಿಷಯದಲ್ಲಿ ಏಳುತ್ತದೆ. ವಾರಂಟಿ ಕೇಳಲು ಹೋದರೆ ‘ಈ ದೋಷ ಮೊದಲೇ ಇತ್ತು, ನಮಗೆ ಬರೋದಿಲ್ಲ’ ಎನ್ನುತ್ತಾರೆ. ಈ ಜಗಳಕ್ಕೆ ಸುಮಾರು ಎರಡು ಸಾವಿರ ವರ್ಷದ ಇತಿಹಾಸವಿದೆ.

ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಒಂದು ತಾಳೆಗರಿ ಗ್ರಂಥವನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಅದೇ ಕೌಟಿಲ್ಯನ ಅರ್ಥಶಾಸ್ತ್ರ. ಕೊಂಡದ್ದನ್ನು, ಮಾರಿದ್ದನ್ನು ಹಿಂತಿರುಗಿಸುವ ಬಗ್ಗೆ ಅದರಲ್ಲಿ ಒಂದು ಪ್ರಕರಣವೇ ಇದೆ. ಮಾತು ಬದಲಿಸಲು ವ್ಯಾಪಾರಿಗೆ ಒಂದು ರಾತ್ರಿ, ರೈತನಿಗೆ ಮೂರು, ದನಗಾಹಿಗೆ ಐದು ರಾತ್ರಿ ಅವಕಾಶ. ದನಕರುಗಳಿಗೆ ಮಾತ್ರ ಮೂರು ಪಕ್ಷ, ಅಂದರೆ ಒಂದೂವರೆ ತಿಂಗಳು. ಕಾರಣವನ್ನೂ ಅಲ್ಲೇ ಹೇಳಿದೆ: ಅಷ್ಟು ಕಾಲದಲ್ಲಿ ಅದರ ಒಳ್ಳೆಯದು ಕೆಟ್ಟದ್ದು ತಿಳಿಯುತ್ತದೆ. ರೋಗದ ಪ್ರಾಣಿಯನ್ನು ಆರೋಗ್ಯದ್ದು ಎಂದು ಮಾರಿದವನಿಗೆ 12 ಪಣ ದಂಡ.

ಪ್ರಾಚೀನ ರೋಮ್‌ನಲ್ಲೂ ಸಂತೆ ನೋಡಿಕೊಳ್ಳುವ ಅಧಿಕಾರಿಗಳು ಇಂಥದೇ ನಿಯಮ ಮಾಡಿದ್ದರು. ಗುಲಾಮರನ್ನೋ ಪ್ರಾಣಿಯನ್ನೋ ಮಾರುವವನು ಅವರ ರೋಗ, ದೋಷವನ್ನು ಬಾಯಿಬಿಟ್ಟು ಹೇಳಬೇಕಿತ್ತು. ಹೇಳದಿದ್ದರೆ ಆರು ತಿಂಗಳೊಳಗೆ ವಾಪಸ್ ಕೊಡಬಹುದಿತ್ತು. ‘ನನಗೂ ಗೊತ್ತಿರಲಿಲ್ಲ’ ಎಂಬ ನೆಪ ನಡೆಯುತ್ತಿರಲಿಲ್ಲ.

ಇಂಗ್ಲೆಂಡ್ ಮಾತ್ರ ಬೇರೆ ದಾರಿ ಹಿಡಿಯಿತು. 1603ರ ಒಂದು ಪ್ರಸಿದ್ಧ ಮೊಕದ್ದಮೆಯಲ್ಲಿ ಅಕ್ಕಸಾಲಿಗನೊಬ್ಬ ಒಂದು ಕಲ್ಲನ್ನು ‘ಬೆಜೋರ್’ ಎಂದು ಹೇಳಿ 100 ಪೌಂಡಿಗೆ ಮಾರಿದ್ದ. ಆಡಿನಂಥ ಪ್ರಾಣಿಯ ಹೊಟ್ಟೆಯಲ್ಲಿ ಸಿಗುವ ಈ ಕಲ್ಲು ವಿಷ ಇಳಿಸುತ್ತದೆಂಬ ನಂಬಿಕೆ ಆಗ ಇತ್ತು. ಅದು ಬೆಜೋರ್ ಅಲ್ಲ ಎಂದು ಕೊಂಡವನು ಕೋರ್ಟಿಗೆ ಹೋದ. ಮಾರಿದವನು ಹಾಗೆಂದು ಹೇಳಿದ್ದಾನೆ ಅಷ್ಟೇ, ಖಾತ್ರಿ ಕೊಟ್ಟಿಲ್ಲ ಎಂದು ಕೋರ್ಟು ಕೊಂಡವನನ್ನೇ ಸೋಲಿಸಿತು. ಕೊಳ್ಳುವವನೇ ಎಚ್ಚರವಾಗಿರಲಿ ಎಂಬುದು ಅಲ್ಲಿನ ನೀತಿಯಾಯಿತು.

ಕಾರ್ಖಾನೆ ಮಾಲು ಬಂದ ಮೇಲೆ ಈ ನೀತಿ ಸಡಿಲವಾಯಿತು. ಬ್ರಿಟನ್ 1893ರಲ್ಲಿ ಕಾಯ್ದೆ ಮಾಡಿತು. ಅದರ ಮಾದರಿಯಲ್ಲೇ ನಮ್ಮ 1930ರ ಸರಕು ಮಾರಾಟ ಕಾಯ್ದೆ ಬಂತು. ಅದರ 16ನೇ ಸೆಕ್ಷನ್ ಪ್ರಕಾರ, ಆ ಬಗೆಯ ಮಾಲು ಮಾರುವ ಅಂಗಡಿಯವನು ಕೊಡುವ ವಸ್ತು ಮಾರಾಟಕ್ಕೆ ತಕ್ಕ ಗುಣಮಟ್ಟದ್ದಾಗಿರಬೇಕು. ಆದರೆ ನೀವು ಪರೀಕ್ಷಿಸಿ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷಕ್ಕೆ ಅವನು ಹೊಣೆಯಲ್ಲ. ಒಳಗೆ ಅಡಗಿದ ದೋಷಕ್ಕೆ ಹೊಣೆ ಅವನದೇ.

ಅಮೆರಿಕದಲ್ಲಿ 1971ರಲ್ಲಿ ‘ಅಮೆರಿಕನ್ ಹೋಮ್ ಶೀಲ್ಡ್’ ಎಂಬ ಕಂಪನಿ ಶುರುವಾಯಿತು. ಹಳೇ ಮನೆ ಕೊಂಡವರು ವರ್ಷಕ್ಕಿಷ್ಟು ಎಂದು ಕಟ್ಟಿದರೆ ಹೀಟರ್, ವೈರಿಂಗ್, ನಲ್ಲಿ ಪೈಪು ಕೆಟ್ಟಾಗ ರಿಪೇರಿ ಮಾಡಿಸಿಕೊಡುವ ಒಪ್ಪಂದ ಅದು. ಬೇರೆ ಕಂಪನಿಗಳೂ ಬಂದವು. ಜಗಳ ಮಾತ್ರ ಹಳೆಯದೇ. ಒಪ್ಪಂದಕ್ಕೆ ಮೊದಲೇ ಇದ್ದ ದೋಷಕ್ಕೆ ಹಣವಿಲ್ಲ ಎಂದು ಹಲವು ಕರಾರುಗಳಲ್ಲಿ ಬರೆದಿರುತ್ತದೆ. ಕಣ್ಣಿಗೆ ಕಾಣದ, ಸ್ವಿಚ್ ಹಾಕಿ ನೋಡಿದರೂ ತಿಳಿಯದ ದೋಷವಾದರೆ ಕೊಡುತ್ತೇವೆ ಎಂದು ಕೆಲವರು ಬರೆಯುತ್ತಾರೆ. ಆದರೆ ತುಕ್ಕು ನೋಡಿ ‘ಇದು ಹಳೇದು’ ಎಂದು ಹೇಳುವ ಮೆಕ್ಯಾನಿಕ್ ಸಾಮಾನ್ಯವಾಗಿ ಕಂಪನಿ ಕಳಿಸಿದವನೇ. ಹಣ ಕೊಡಬೇಕಾದವರ ಕಡೆಯವನೇ ತೀರ್ಪು ಹೇಳಿದಂತಾಯಿತು.

ನಮ್ಮಲ್ಲಿ ರೇರಾ ವ್ಯಾಪ್ತಿಗೆ ಬರುವ ಹೊಸ ಕಟ್ಟಡಗಳಿಗೆ 2016ರ ಕಾಯ್ದೆ ಇದೆ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ದೋಷ ತೋರಿಸಿದರೆ, ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕು. ಊರಲ್ಲಿ ಒಬ್ಬರಿಂದೊಬ್ಬರು ಕೊಳ್ಳುವ ಹಳೇ ಮನೆಗೆ, ಹಳೇ ಮೋಟಾರಿಗೆ ಆ ರಕ್ಷಣೆ ಇಲ್ಲ.

ಹಾಗಾಗಿ ಹಲ್ಲು ನೋಡುವ ಬುದ್ಧಿ ಇಲ್ಲೂ ಬೇಕು. ವಾರಂಟಿಗೆ ಹಣ ಕಟ್ಟುವ ಮೊದಲು ‘ಮೊದಲೇ ಇದ್ದ ದೋಷ’ದ ಬಗ್ಗೆ ಏನು ಬರೆದಿದೆ ಎಂದು ಓದಿಸಿಕೊಳ್ಳಿ. ಕೊಂಡ ದಿನವೇ ಯಂತ್ರ ಓಡಿಸಿ ಮೊಬೈಲಿನಲ್ಲಿ ವಿಡಿಯೋ ಮಾಡಿ. ಬಿಲ್ಲು, ಸರ್ವಿಸ್ ಚೀಟಿ ಜೋಪಾನ ಮಾಡಿ. ಟವೆಲ್ ಕೆಳಗಿನ ಮಾತಿಗೆ ಸಾಕ್ಷಿ ಇರುವುದಿಲ್ಲ, ವಿಡಿಯೋಗೆ ಇರುತ್ತದೆ. ಅಂಗಡಿಯವರೋ ಕಂಪನಿಯವರೋ ಕೈ ಎತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.