ಹಳೆಯ ಪತ್ರಿಕೆಗಳ ಸಂಗ್ರಹವೂ ವಿಜ್ಞಾನದ ಚರಿತ್ರೆಯೂ: ಬಸ್ರೂರಿನ ನೆಲೆಯಿಂದ ಒಂದು ವಿವೇಚನೆ

೧

ಕುಂದಾಪುರಕ್ಕೆ ಸಮೀಪದಲ್ಲಿ, ವಾರಾಹಿ ನದಿಯ ದಡದಲ್ಲಿರುವ ಬಸ್ರೂರನ್ನು ಇಂದು ನೋಡುವವರಿಗೆ ಅದು ಒಂದು ಕಾಲದಲ್ಲಿ ಪಶ್ಚಿಮ ಕರಾವಳಿಯ ಪ್ರಮುಖ ರೇವುಪಟ್ಟಣವಾಗಿತ್ತೆಂದು ಒಡನೆಯೇ ತೋರಲಾರದು. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಇಲ್ಲಿಂದ ಅಕ್ಕಿಯ ಹೊರೆ ಹೊತ್ತ ಹಡಗುಗಳು ಗೋವೆಗೂ ಅರಬ್ಬೀ ಸಮುದ್ರದ ಇತರ ರೇವುಗಳಿಗೂ ಹೋಗುತ್ತಿದ್ದವು. ಪೋರ್ಚುಗೀಸರು ಈ ಊರನ್ನು ಬಾರ್ಸೆಲೋರ್ ಎಂದು ಕರೆದು ಸಮೀಪದಲ್ಲಿ ಕೋಟೆ ಕಟ್ಟಿದರು. ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ ಅದು ಅವರ ಕೈತಪ್ಪಿತು. ೧೬೬೫ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಪಟ್ಟಣವನ್ನು ಸೂರೆಗೊಂಡನು. ಇಷ್ಟು ದೊಡ್ಡ ಚರಿತ್ರೆಯುಳ್ಳ ಊರಿನಲ್ಲಿ ಆ ಚರಿತ್ರೆಗೆ ಉಳಿದಿರುವ ಆಧಾರಗಳು ಯಾವುವು? ದೇವಾಲಯಗಳ ಅಂಗಳದಲ್ಲಿಯೂ ಕೇರಿಗಳಲ್ಲಿಯೂ ನಿಂತಿರುವ ಶಿಲಾಶಾಸನಗಳು ಮುಖ್ಯವಾದವು. ಅಕ್ಕಿಯ ವ್ಯಾಪಾರದ ವಿವರಗಳನ್ನಾದರೋ ವಿದ್ವಾಂಸರು ಪೋರ್ಚುಗೀಸ್ ದಾಖಲೆಗಳಿಂದ ಹೆಕ್ಕಿ ತೆಗೆಯಬೇಕಾಯಿತು. ಕಲ್ಲು ಇಲ್ಲಿ ಉಳಿಯಿತು. ಕಾಗದ ಪರಸ್ಥಳದಲ್ಲಿ ಉಳಿಯಿತು.

ಪ್ರಕೃತ ಲೇಖನದ ವಿಷಯ ಬಸ್ರೂರಿನ ರಾಜಕೀಯ ಚರಿತ್ರೆಯಲ್ಲ. ವಿಜ್ಞಾನದ ಆದ್ಯ ಶೋಧಗಳನ್ನು ವರದಿ ಮಾಡಿದ ಹಳೆಯ ವೃತ್ತಪತ್ರಿಕೆ, ನಿಯತಕಾಲಿಕಗಳ ಸಂಗ್ರಹವನ್ನು ಕುರಿತು ಕೆಲವು ಮಾತುಗಳನ್ನು ಹೇಳುವುದು ನಮ್ಮ ಉದ್ದೇಶ. ಆದರೂ ಬಸ್ರೂರಿನಿಂದಲೇ ಆರಂಭಿಸಿದ್ದಕ್ಕೆ ಕಾರಣವಿದೆ. ಈ ಊರಿನ ವಿಷಯದಲ್ಲಿ ಆದದ್ದೇ ನಮ್ಮ ನಾಡಿನ ವಿಜ್ಞಾನಚರಿತ್ರೆಯ ವಿಷಯದಲ್ಲಿಯೂ ಆಗಿದೆ. ಘಟನೆ ನಡೆದದ್ದು ನಮ್ಮ ನೆಲದಲ್ಲಿ. ಅದನ್ನು ಹೇಳುವ ಹಾಳೆಗಳು ಬಹುಮಟ್ಟಿಗೆ ಪರದೇಶದ ಗ್ರಂಥಾಲಯಗಳಲ್ಲಿ.

ಬಸ್ರೂರಿನ ಹಳೆಯ ಗೋಡೆಗಳಲ್ಲಿ ಕಾಣುವ ಮುರಕಲ್ಲನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ೧೮೦೧ರಲ್ಲಿ ಮಲಬಾರಿನಿಂದ ಕನ್ನಡ ಜಿಲ್ಲೆಯ ಮೂಲಕ ಪ್ರಯಾಣ ಮಾಡಿ ಕುಂದಾಪುರವನ್ನೂ ಹಾದುಹೋದ ಫ್ರಾನ್ಸಿಸ್ ಬುಕಾನನ್ನನು, ನೆಲದಲ್ಲಿರುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಾಗ ಗಟ್ಟಿಯಾಗುವ ಈ ಕಲ್ಲನ್ನು ಮಲಬಾರಿನ ಅಂಗಾಡಿಪುರದಲ್ಲಿ ಪರೀಕ್ಷಿಸಿದ್ದನು. ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಡುವಾಗ, ದೇಶೀಯರು ಇದನ್ನು ಇಟ್ಟಿಗೆಕಲ್ಲೆಂದೇ ಕರೆಯುತ್ತಾರೆಂಬುದನ್ನು ಅವನು ಮರೆಯದೆ ಹೇಳಿದ್ದಾನೆ. ಲ್ಯಾಟಿನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಎಂದ ಮೇಲೆ ಭೂವಿಜ್ಞಾನದಲ್ಲಿ ಇಂದು ಲೋಕವೆಲ್ಲ ಬಳಸುವ ಈ ಹೆಸರು ನಮ್ಮ ಕರಾವಳಿಯ ಕಲ್ಲುಕುಟಿಗರ ಮಾತಿನ ಅನುವಾದವೇ ಸರಿ. ಪಠ್ಯಪುಸ್ತಕಗಳನ್ನು ಮಾತ್ರ ಓದುವವನಿಗೆ ಇದು ತಿಳಿಯುವುದಿಲ್ಲ. ಮೊದಲ ವರದಿಯನ್ನು ತೆರೆದವನಿಗೆ ತಿಳಿಯುತ್ತದೆ. ಮೂಲ ವರದಿಗಳ ಸಂಗ್ರಹ ಏತಕ್ಕೆ ಬೇಕೆಂಬ ಪ್ರಶ್ನೆಗೆ ಇದೊಂದು ಉತ್ತರ.

೨

ಎರಡನೆಯ ಉತ್ತರ, ಶೋಧಗಳ ಕಾಲನಿರ್ಣಯಕ್ಕೆ ಸಂಬಂಧಿಸಿದ್ದು. ೧೮೬೮ನೆಯ ಆಗಸ್ಟ್ ೧೮ರ ಪೂರ್ಣ ಸೂರ್ಯಗ್ರಹಣದಲ್ಲಿ ಫ್ರಾನ್ಸಿನ ಜಾನ್ಸೆನನು ಗುಂಟೂರಿನಲ್ಲಿ ಹೀಲಿಯಂ ಧಾತುವನ್ನು ಕಂಡುಹಿಡಿದನೆಂದು ಅನೇಕ ಪುಸ್ತಕಗಳಲ್ಲಿ ಬರೆದಿರುವುದನ್ನು ನಮ್ಮ ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಆ ಕಾಲದ ಹಾಳೆಗಳನ್ನು ಅನುಕ್ರಮವಾಗಿ ಜೋಡಿಸಿ ನೋಡಿದರೆ ಕಥೆ ಇಷ್ಟು ಸರಳವಾಗಿಲ್ಲ.

ಗ್ರಹಣದ ವೇಳೆಯಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಿಂದ ಪರೀಕ್ಷಿಸಿದವರು ಹಲವರು. ಅವರಲ್ಲೊಬ್ಬನು, ಇಂದಿನ ಬಾಗಲಕೋಟೆ ಜಿಲ್ಲೆಗೆ ಸೇರಿದ ಜಮಖಂಡಿಯಲ್ಲಿ ದೂರದರ್ಶಕವನ್ನು ಹೂಡಿದ್ದ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಪ್ರಸಿದ್ಧ ಖಗೋಳಜ್ಞರಾದ ಹರ್ಷೆಲರ ಮನೆತನದ ಮೂರನೆಯ ತಲೆಮಾರಿನವನಾದ ಇವನು ಕೆಂಪು, ಕಿತ್ತಳೆ, ನೀಲಿ ಬಣ್ಣದ ಮೂರು ರೇಖೆಗಳನ್ನು ಕಂಡನು. ಕಿತ್ತಳೆಯ ರೇಖೆಯನ್ನು ಸೋಡಿಯಂ ಧಾತುವಿನ ರೇಖೆಯ ಸ್ಥಾನದ್ದೇ ಎಂದು ಭಾವಿಸಿದನು. ಅವನ ವರದಿ ಲಂಡನ್ನಿನ ರಾಯಲ್ ಸೊಸೈಟಿಯ ನಡವಳಿಗಳಲ್ಲಿ ಪ್ರಕಟವಾಯಿತು. ಜಾನ್ಸೆನನು ಗ್ರಹಣವಿಲ್ಲದ ದಿನಗಳಲ್ಲಿಯೂ ಈ ಜ್ವಾಲೆಗಳನ್ನು ನೋಡಬಹುದೆಂಬುದನ್ನು ಗುಂಟೂರಿನಲ್ಲಿ ಮಾರನೆಯ ದಿನವೇ ಸಾಧಿಸಿ ತೋರಿಸಿದನು. ಅವನ ನಿಜವಾದ ಹೆಗ್ಗಳಿಕೆ ಇದು. ಸೆಪ್ಟೆಂಬರ್ ೧೯ರಂದು ಕಾಕಿನಾಡದಿಂದ ಅವನು ಬರೆದ ಪತ್ರವೂ, ಅಕ್ಟೋಬರ್ ೨೦ರಂದು ಇಂಗ್ಲೆಂಡಿನಲ್ಲಿ ಸ್ವತಂತ್ರವಾಗಿ ಅದೇ ಸಾಧನೆಯನ್ನು ಮಾಡಿದ ನಾರ್ಮನ್ ಲಾಕಿಯರನ ಸಂಗತಿಯೂ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ಬಂದದ್ದು ಒಂದೇ ದಿನ, ಅಕ್ಟೋಬರ್ ೨೬ರಂದು. ಹಳದಿ ರೇಖೆ ಸೋಡಿಯಮ್ಮಿನದಲ್ಲವೆಂಬ ನಿರ್ಣಯ ಲಾಕಿಯರನ ಮುಂದಿನ ಪರಿಶೀಲನೆಗಳಿಂದ ಬಂದದ್ದು. 'ಹೀಲಿಯಂ' ಎಂಬ ಹೆಸರು ಬಹಿರಂಗವಾಗಿ ಕೇಳಿಬಂದದ್ದು ೧೮೭೧ರಲ್ಲಿ, ವಿಲಿಯಂ ಥಾಮ್ಸನ್ನನು ಬ್ರಿಟಿಷ್ ಅಸೋಸಿಯೇಷನ್ನಿನಲ್ಲಿ ಮಾಡಿದ ಅಧ್ಯಕ್ಷಭಾಷಣದಲ್ಲಿ. ಭೂಮಿಯ ಮೇಲೆ ಅದನ್ನು ರಾಮ್ಸೆ ಬೇರ್ಪಡಿಸಿದ್ದು ೧೮೯೫ರಲ್ಲಿ.

ಒಂದು ದಿನದ, ಒಬ್ಬನ ಶೋಧವೆಂದು ನಾವು ಹೇಳಿಕೊಳ್ಳುತ್ತಿದ್ದುದು ಹೀಗೆ ಇಪ್ಪತ್ತೇಳು ವರ್ಷಗಳ, ಹಲವರ ಕೆಲಸವಾಗಿ ಬಿಚ್ಚಿಕೊಳ್ಳುತ್ತದೆ. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಬಿಮನ್ ನಾಥರು ೨೦೧೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಮೂಲ ವರದಿಗಳನ್ನು ಪರಿಶೀಲಿಸಿ ಪ್ರಚಲಿತ ಕಥೆಯನ್ನು ತಿದ್ದಿದ್ದಾರೆ. ಹಳೆಯ ಸಂಚಿಕೆಗಳು ಉಳಿದಿದ್ದರಿಂದಲೇ ಅದು ಸಾಧ್ಯವಾಯಿತು.

ಇದರ ಮುಂದಿನ ಅಧ್ಯಾಯ ನಮ್ಮ ಕರಾವಳಿಗೇ ಸೇರಿದ್ದು. ೧೮೭೧ನೆಯ ಡಿಸೆಂಬರ್ ೧೨ರ ಬೆಳಗ್ಗೆ ಮತ್ತೊಂದು ಪೂರ್ಣ ಸೂರ್ಯಗ್ರಹಣವಾಯಿತು. ಅದನ್ನು ನೋಡಲು ಲಾಕಿಯರನೇ ತನ್ನ ತಂಡದೊಡನೆ ಬೇಕಲಕ್ಕೆ ಬಂದು ಅಲ್ಲಿನ ಕೋಟೆಯಲ್ಲಿ ಉಪಕರಣಗಳನ್ನು ಹೂಡಿದನು. ಬೇಕಲವು ಆಗ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ೧೯೫೬ರ ರಾಜ್ಯಪುನರ್ವಿಂಗಡಣೆಯಲ್ಲಿ ಕಾಸರಗೋಡಿನೊಡನೆ ಕೇರಳಕ್ಕೆ ಸೇರಿತು. ಕೋಟೆಯಾದರೋ ಬಸ್ರೂರನ್ನು ಆಳಿದ ಕೆಳದಿಯ ನಾಯಕರದೇ. ಸುಮಾರು ಎರಡು ನಿಮಿಷಗಳ ಪೂರ್ಣಗ್ರಹಣದಲ್ಲಿ ಸೂರ್ಯನ ಪ್ರಭಾವಲಯದಿಂದ ಜಲಜನಕದ ಬೆಳಕು ಬರುವುದನ್ನು ಲಾಕಿಯರನು ಕಂಡನು. ತಂಡದ ಡೇವಿಸ್ ಎಂಬಾತನು ಪ್ರಭಾವಲಯದ ಛಾಯಾಚಿತ್ರಗಳನ್ನು ತೆಗೆದನು. ಎರಡು ವರ್ಷಗಳ ಹಿಂದೆ, ೧೮೬೯ರಲ್ಲಿ, ಲಾಕಿಯರನೇ ಆರಂಭಿಸಿದ್ದ 'ನೇಚರ್' ಪತ್ರಿಕೆಯ ಆ ಕಾಲದ ಸಂಚಿಕೆಗಳಲ್ಲಿ ಬೇಕಲದ ಹೆಸರನ್ನು ಕಾಣಬಹುದು. ಅಲ್ಲಿನ ಕಾಗುಣಿತ ವಿಚಿತ್ರವಾದದ್ದು. ಇಂಗ್ಲಿಷಿನಲ್ಲಿ 'ಬೈಕುಲ್' ಎಂಬಂತೆ ಅಚ್ಚಾಗಿದೆ. ಸ್ಥಳನಾಮಗಳ ಪರಿಚಯವಿಲ್ಲದವನು ಆ ಪುಟವನ್ನು ತಿರುವಿ ಹಾಕಿ ಮುಂದೆ ಹೋದಾನು. ಹಳೆಯ ಪತ್ರಿಕೆಗಳನ್ನು ಊರು ಬಲ್ಲವರೇ ಓದಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿ.

೩

ಶೋಧಕ್ಕೆ ಮೂರು ದಿನಾಂಕಗಳಿರುತ್ತವೆ: ಕಂಡ ದಿನ, ತಿಳಿಸಿದ ದಿನ, ಅಚ್ಚಾದ ದಿನ. ಇವನ್ನು ಬೇರೆಬೇರೆಯಾಗಿ ಇಡಲು ಸಂಗ್ರಾಹಕನು ಕಲಿಯಬೇಕು. ರಾಮನ್ ಪರಿಣಾಮ ಕಲ್ಕತ್ತೆಯಲ್ಲಿ ದೃಢಪಟ್ಟದ್ದು ೧೯೨೮ನೆಯ ಫೆಬ್ರವರಿ ೨೮ರಂದು. ಅದು ಅಧಿಕವರ್ಷ; ಮಾರನೆಯ ದಿನ, ೨೯ರಂದು, ವಾರ್ತಾಸಂಸ್ಥೆಗೆ ಸುದ್ದಿ ಹೋಯಿತು. ವಿದ್ವತ್ಸಭೆಯ ಮುಂದೆ ರಾಮನ್ನರು ಅದನ್ನು ವಿವರಿಸಿದ್ದು ಮಾರ್ಚ್ ೧೬ರಂದು, ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನಸಂಘದ ಆಶ್ರಯದಲ್ಲಿ. ಆ ಭಾಷಣ ಅಚ್ಚಾದದ್ದು ಮಾರ್ಚ್ ೩೧ರಂದು. ಮಾಸ್ಕೋವಿನಲ್ಲಿ ಲ್ಯಾಂಡ್ಸ್‌ಬರ್ಗ್, ಮ್ಯಾಂಡೆಲ್‌ಸ್ಟಾಮ್ ಇವರು ಹರಳುಗಳಲ್ಲಿ ಇದೇ ಪರಿಣಾಮವನ್ನು ಅದೇ ಕಾಲದಲ್ಲಿ ಕಂಡಿದ್ದರೂ ಅವರ ಲೇಖನ ಹೊರಬಂದದ್ದು ಜುಲೈ ತಿಂಗಳಿನಲ್ಲಿ.

ಕೋಲಾರದ ಚಿನ್ನದ ಗಣಿಯ ನಿದರ್ಶನ ಇನ್ನೂ ಸೂಕ್ಷ್ಮವಾದದ್ದು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಕುರುಹನ್ನು ೧೯೬೫ರಲ್ಲಿ ಎರಡು ತಂಡಗಳು ಕಂಡವು. ಒಂದು ಕೋಲಾರದಲ್ಲಿ, ಮತ್ತೊಂದು ದಕ್ಷಿಣ ಆಫ್ರಿಕದ ಗಣಿಯಲ್ಲಿ. ಮೊದಲು ಕಂಡವರು ಆಫ್ರಿಕದ ತಂಡದವರು. ಮೊದಲು ಪ್ರಕಟಿಸಿದವರು ಕೋಲಾರದವರು. ಒಬ್ಬರ ಲೇಖನ ಆಗಸ್ಟ್ ೧೫ರ ಸಂಚಿಕೆಯಲ್ಲಿ, ಮತ್ತೊಬ್ಬರದು ಆಗಸ್ಟ್ ೩೦ರ ಸಂಚಿಕೆಯಲ್ಲಿ. ಹದಿನೈದು ದಿನಗಳ ಅಂತರಕ್ಕೆ ಸಾಕ್ಷಿ ಆ ಎರಡು ಸಂಚಿಕೆಗಳ ಮುಖಪುಟಗಳೇ.

ವರದಿ ಎಲ್ಲಿ ಸಿಕ್ಕೀತೆಂದು ಮುಂಚಿತವಾಗಿ ಹೇಳುವುದೂ ಕಷ್ಟ. ರೈಟ್ ಸಹೋದರರ ವಿಮಾನವು ಆಕಾಶದಲ್ಲಿ ಪೂರ್ಣ ಸುತ್ತು ಬಂದುದನ್ನು ಕಣ್ಣಾರೆ ಕಂಡವನ ವರದಿ ೧೯೦೫ನೆಯ ಜನವರಿಯಲ್ಲಿ ಅಚ್ಚಾದದ್ದು ಜೇನುಸಾಕಣೆಯವರ ಒಂದು ಪತ್ರಿಕೆಯಲ್ಲಿ. ಆದುದರಿಂದ ವಿಜ್ಞಾನಪತ್ರಿಕೆಗಳನ್ನು ಮಾತ್ರ ಕೂಡಿಟ್ಟು ಧರ್ಮ, ಕೃಷಿ, ವ್ಯಾಪಾರಗಳ ಪತ್ರಿಕೆಗಳನ್ನು ರದ್ದಿಗೆ ಹಾಕುವ ಸಂಗ್ರಾಹಕನು ಮುಖ್ಯವಾದುದನ್ನೇ ಕಳೆದುಕೊಳ್ಳಬಹುದು.

೪

ಕನ್ನಡದ ಮಟ್ಟಿಗೆ ಈ ಎಚ್ಚರಿಕೆ ಇನ್ನೂ ಅಗತ್ಯ. ಕನ್ನಡದ ಮೊದಲ ವೃತ್ತಪತ್ರಿಕೆ 'ಮಂಗಳೂರ ಸಮಾಚಾರ' ೧೮೪೩ನೆಯ ಜುಲೈ ೧ರಂದು ಹರ್ಮನ್ ಮೋಗ್ಲಿಂಗನ ಸಂಪಾದಕತ್ವದಲ್ಲಿ, ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಹೊರಟಿತು. ಮರುವರ್ಷ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ವಿಜ್ಞಾನಕ್ಕೇ ಮೀಸಲಾದ ಪತ್ರಿಕೆ ಬರಲು ಮುಕ್ಕಾಲು ಶತಮಾನ ಕಾಯಬೇಕಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಪರವಾಗಿ ೧೯೧೮ರಲ್ಲಿ ಆರಂಭಿಸಿದ 'ವಿಜ್ಞಾನ' ಮಾಸಪತ್ರಿಕೆ ಎರಡು ವರ್ಷ ನಡೆದು ನಿಂತಿತು. ಎರಡೇ ವರ್ಷ; ಆದರೆ ಭೌತ, ರಸಾಯನ, ಜೀವವಿಜ್ಞಾನಗಳನ್ನು ಕನ್ನಡದಲ್ಲಿ ಬರೆಯಬಹುದೆಂಬುದನ್ನು ತೋರಿಸಿಕೊಟ್ಟ ಎರಡು ವರ್ಷ. ಬಸ್ರೂರಿಗೆ ನೆರೆಯ ಕೋಟದಲ್ಲಿ ೧೯೦೨ರಲ್ಲಿ ಹುಟ್ಟಿದ ಶಿವರಾಮ ಕಾರಂತರು 'ವಸಂತ' ಪತ್ರಿಕೆಯನ್ನು ನಡೆಸಿ, ಮುಂದೆ 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ'ಗಳ ಸಂಪುಟಗಳನ್ನು ಒಬ್ಬರೇ ರಚಿಸಿದರು.

ಇಂಥ ಸಂಚಿಕೆಗಳಲ್ಲಿ ಶೋಧದ ಸುದ್ದಿಯಷ್ಟೇ ಅಲ್ಲ, ಶಬ್ದಗಳ ಚರಿತ್ರೆಯೂ ಇದೆ. ಆಮ್ಲಜನಕವೆಂಬ ನಮ್ಮ ಮಾತು ಆಕ್ಸಿಜನ್ ಎಂಬುದರ ನೇರ ಅನುವಾದ. ಆಮ್ಲಗಳಿಗೆಲ್ಲ ಆ ಅನಿಲವೇ ಕಾರಣವೆಂಬ ಲವಾಸಿಯೇಯ ತಪ್ಪು ಊಹೆಯನ್ನು ಅದು ಇಂದಿಗೂ ಹೊತ್ತುಕೊಂಡಿದೆ. ಯಾವ ಪದ ಯಾವಾಗ ಹುಟ್ಟಿತು, ಯಾವುದು ಉಳಿಯಿತು, ಯಾವುದು ಬಿದ್ದುಹೋಯಿತು ಎಂಬುದನ್ನು ನಿಘಂಟು ಹೇಳದು. ಸಂಚಿಕೆಗಳ ಸಾಲು ಹೇಳುತ್ತದೆ.

ಕಾಲನಿರ್ಣಯದಲ್ಲಿ ಕನ್ನಡ ಪತ್ರಿಕೆಗಳಿಗೆ ವಿಶಿಷ್ಟವಾದ ಒಂದು ತೊಡಕುಂಟು. ಹಳೆಯ ಸಂಚಿಕೆಗಳಲ್ಲಿ ಸಂವತ್ಸರದ ಹೆಸರು ಮಾತ್ರ ಇರುವುದುಂಟು. 'ಪ್ರಭವ' ಎಂದಿದ್ದರೆ ಅದು ೧೮೬೭, ೧೯೨೭ ಅಥವಾ ೧೯೮೭ರಲ್ಲಿ ಆರಂಭವಾದ ವರ್ಷ. ಅದರಲ್ಲಿಯೂ ಸಂವತ್ಸರ ಯುಗಾದಿಯಲ್ಲಿ ಬದಲಾಗುವುದರಿಂದ ರಾಮನ್ನರ ಶೋಧದ ೧೯೨೮ನೆಯ ಫೆಬ್ರವರಿ ಇನ್ನೂ ಪ್ರಭವವೇ, ಅದೇ ವರ್ಷದ ಏಪ್ರಿಲ್ ವಿಭವ. ಚಾಂದ್ರಮಾನ, ಸೌರಮಾನಗಳ ವ್ಯತ್ಯಾಸವನ್ನು ಗಮನಿಸದೆ ಇಸವಿಗೆ ತಿರುಗಿಸಿದರೆ ಲೆಕ್ಕ ತಪ್ಪುತ್ತದೆ.

೫

ಇನ್ನು ಸಂಗ್ರಹದ ಕ್ರಮವನ್ನು ಕುರಿತು. ವರ್ಷಕ್ಕೆ ೪೦೦೦ ಮಿಲಿಮೀಟರಿಗೆ ಸಮೀಪ ಮಳೆ ಬೀಳುವ ಈ ಸೀಮೆಯಲ್ಲಿ ಕಾಗದಕ್ಕೆ ಶತ್ರುಗಳು ಹಲವು: ತೇವ, ಬೂಷ್ಟು, ಒರಲೆ, ಇವೆಲ್ಲಕ್ಕಿಂತ ಹೆಚ್ಚಾಗಿ ತೂಕಕ್ಕೆ ಮಾರಿಬಿಡುವ ಮನುಷ್ಯ. ಅಟ್ಟದ ಮೇಲಿನ ಕಟ್ಟು ಅಂಗಡಿಗೆ ಹೋಗಿ ಪೊಟ್ಟಣವಾಗಲು ಒಂದು ದಿನ ಸಾಕು. ಚಿಂದಿಬಟ್ಟೆಯಿಂದ ಮಾಡಿದ ಹಳೆಯ ಕಾಗದಕ್ಕೆ ಬಾಳಿಕೆ ಹೆಚ್ಚು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಬಳಕೆಗೆ ಬಂದ ಮರದ ತಿರುಳಿನ ಕಾಗದ ತನ್ನೊಳಗಿನ ಆಮ್ಲದಿಂದಲೇ ಹಳದಿಯಾಗಿ ಪುಡಿಯಾಗುತ್ತದೆ. ಆದುದರಿಂದ ನೂರೈವತ್ತು ವರ್ಷದ ಹಾಳೆಗಿಂತ ಎಪ್ಪತ್ತು ವರ್ಷದ ಹಾಳೆ ಮೊದಲು ನಾಶವಾಗುವುದು ಆಶ್ಚರ್ಯವಲ್ಲ. ಇತ್ತೀಚಿನದೆಂದು ಅದನ್ನು ಉಪೇಕ್ಷಿಸಬಾರದು.

ವಿದ್ಯಾರ್ಥಿಗಳಿಗೆ ನಾವು ಸೂಚಿಸುವ ನಿಯಮಗಳು ಕೆಲವೇ. ಲೇಖನವನ್ನು ಕತ್ತರಿಸಿ ಇಡಬಾರದು; ಇಡೀ ಸಂಚಿಕೆಯನ್ನೇ ಇಡಬೇಕು. ಕತ್ತರಿಸಿದ ತುಣುಕಿಗೆ ದಿನಾಂಕವಿರುವುದಿಲ್ಲ, ನೆರೆಯ ಸುದ್ದಿಯಿರುವುದಿಲ್ಲ, ಜಾಹೀರಾತಿರುವುದಿಲ್ಲ. ಅದು ಬುಡ ಕಿತ್ತ ಶಾಸನದಂತೆ. ಸಂಪುಟ, ಸಂಚಿಕೆ, ದಿನಾಂಕ, ಪುಟ, ದೊರೆತ ಸ್ಥಳ ಇವನ್ನು ಅಂದೇ ಬೇರೆ ಹಾಳೆಯಲ್ಲಿ ಬರೆಯಬೇಕು. ಹರಿದ ಕಡೆ ಅಂಟುಪಟ್ಟಿ ಹಚ್ಚಬಾರದು. ಅಂಟು ಕಾಲಕ್ರಮದಲ್ಲಿ ಅಕ್ಷರವನ್ನೇ ತಿನ್ನುತ್ತದೆ. ಪ್ರಸಿದ್ಧ ಸಂಚಿಕೆಗಳನ್ನು ವಾರ್ಷಿಕೋತ್ಸವಗಳಲ್ಲಿ ಯಥಾಪ್ರತಿಯಾಗಿ ಪುನರ್ಮುದ್ರಿಸುವುದುಂಟಾದ್ದರಿಂದ, ಬೆಲೆ ತೆರುವ ಮುನ್ನ ಕಾಗದವನ್ನೂ ಮಡಿಕೆಯನ್ನೂ ಪರೀಕ್ಷಿಸಬೇಕು. ಮಳೆಗಾಲ ಮುಗಿದ ಮೇಲೆ ಕಟ್ಟುಗಳನ್ನು ಬಿಚ್ಚಿ ನೆರಳಿನಲ್ಲಿ ಗಾಳಿಗೆ ಹರಡಬೇಕು. ಸಾಧ್ಯವಾದಲ್ಲಿ ಪ್ರತಿ ಪುಟದ ಗಣಕಪ್ರತಿ ಮಾಡಿಸಬೇಕು. ಆದರೆ ಪ್ರತಿ ಮಾಡಿಸಿದ ಮೇಲೆ ಮೂಲವನ್ನು ಎಸೆಯಬಾರದು. ಕಾಗದದ ಜಾತಿ, ಮಸಿ, ಓದುಗನು ಅಂಚಿನಲ್ಲಿ ಬರೆದ ಟಿಪ್ಪಣಿ ಇವೂ ಚರಿತ್ರೆಗೆ ಆಧಾರಗಳೇ.

ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಷನ್ನಿಗೆ ಸಂಬಂಧಿಸಿದ ಹಳೆಯ ಸಾಮಗ್ರಿ ರಕ್ಷಿತವಾಗಿದೆ. ಇದು ಸಂತೋಷದ ಸಂಗತಿ. ಆದರೆ ಸಂಸ್ಥೆಗಳು ಎಲ್ಲವನ್ನೂ ಕೂಡಿಡಲಾರವು. ಊರಿನ ಮನೆಗಳಲ್ಲಿರುವ ಕಟ್ಟುಗಳನ್ನು ಊರಿನವರೇ ಗುರುತಿಸಬೇಕು.

ಬಸ್ರೂರಿನ ಶಾಸನಗಳು ನಮಗೆ ದೊರೆತದ್ದು ಅವು ಕಲ್ಲಾದುದರಿಂದ. ಯಾರೂ ಕಾಪಾಡದಿದ್ದರೂ ಅವು ಕಾದು ನಿಂತವು. ಕಾಗದಕ್ಕೆ ಆ ಶಕ್ತಿಯಿಲ್ಲ. ಜಮಖಂಡಿಯಲ್ಲಿ, ಬೇಕಲದಲ್ಲಿ, ಬೆಂಗಳೂರಿನಲ್ಲಿ, ಕೋಲಾರದಲ್ಲಿ ನಡೆದ ಕೆಲಸಗಳ ಸಾಕ್ಷ್ಯವನ್ನು ಮುಂದಿನ ತಲೆಮಾರು ಪರದೇಶಗಳಲ್ಲಿಯೇ ಹುಡುಕುವಂತಾಗಬಾರದೆಂದಿದ್ದರೆ, ಪ್ರತಿಯೊಂದು ಕಾಲೇಜಿನ ಚರಿತ್ರೆಯ ಹಾಗೂ ವಿಜ್ಞಾನದ ವಿಭಾಗಗಳು ಕೂಡಿ ತಮ್ಮ ತಾಲ್ಲೂಕಿನ ಹಳೆಯ ಪತ್ರಿಕೆಗಳ ಒಂದು ಪಟ್ಟಿಯನ್ನಾದರೂ ಸಿದ್ಧಪಡಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಪಟ್ಟಿಗೆ ಹಣ ಹೆಚ್ಚು ಬೇಕಾಗಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ಅದು ಆರಂಭವಾದರೆ ಸಾಕು.