ಜಲಿಯನ್‌ವಾಲಾ ಬಾಗ್ ಮತ್ತು ಎರಡು ದೇಶಗಳ ವೃತ್ತಪತ್ರಿಕೆಗಳು

ಘೋರಕೃತ್ಯವೊಂದು ಜರುಗಿದಾಗ ಅದನ್ನು ಕಣ್ಣಾರೆ ಕಂಡವರು ಕೆಲವರು ಮಾತ್ರ. ಉಳಿದ ಲೋಕಕ್ಕೆ ಅದು ತಿಳಿಯುವುದು ವಾರ್ತೆಯ ಮೂಲಕ. ಆದುದರಿಂದ ವಾರ್ತೆಯನ್ನು ಬರೆಯುವವನ ಒಂದೊಂದು ಶಬ್ದಕ್ಕೂ ಹೊಣೆಯುಂಟು. ಒಂದೇ ಸಂಗತಿಯು ಒಂದು ದೇಶದಲ್ಲಿ ಹತ್ಯಾಕಾಂಡವೆಂದೂ ಇನ್ನೊಂದು ದೇಶದಲ್ಲಿ ದಂಗೆಯ ದಮನವೆಂದೂ ಹೇಗೆ ಕರೆಯಲ್ಪಡುತ್ತದೆ ಎಂಬುದಕ್ಕೆ 1919ರ ಅಮೃತಸರದ ಇತಿಹಾಸವು ಉತ್ತಮ ನಿದರ್ಶನವಾಗಿದೆ.

ಆ ವರ್ಷದ ಏಪ್ರಿಲ್ 10ರಂದು ಅಲ್ಲಿಯ ನಾಯಕರಾದ ಡಾ. ಸತ್ಯಪಾಲ್ ಮತ್ತು ಡಾ. ಕಿಚಲೂ ಅವರನ್ನು ಸರಕಾರವು ಬಂಧಿಸಿ ಊರಿನಿಂದ ಹೊರಗೆ ಸಾಗಿಸಿತು. ಅವರ ಬಿಡುಗಡೆಯನ್ನು ಕೇಳಲು ಹೊರಟ ಜನರ ಮೇಲೆ ಗುಂಡು ಹಾರಿತು. ಕೆರಳಿದ ಗುಂಪು ಐವರು ಐರೋಪ್ಯರನ್ನು ಕೊಂದಿತು. ಶೆರ್ವುಡ್ ಎಂಬ ಮಿಷನರಿ ಮಹಿಳೆಯನ್ನು ಹೊಡೆದು ಕೆಡವಿತು. ಆಕೆಯನ್ನು ಎತ್ತಿಕೊಂಡು ಉಪಚರಿಸಿ ಉಳಿಸಿದವರೂ ಭಾರತೀಯರೇ. ಏಪ್ರಿಲ್ 13ರ ಬೈಸಾಖಿ ಹಬ್ಬದಂದು ಜನರಲ್ ಡೈಯರನು ಜಲಿಯನ್‌ವಾಲಾ ಬಾಗಿನಲ್ಲಿ ನೆರೆದಿದ್ದ ನಿರಾಯುಧ ಜನರ ಮೇಲೆ ಯಾವ ಎಚ್ಚರಿಕೆಯನ್ನೂ ಕೊಡದೆ ಗುಂಡು ಹಾರಿಸಿದನು. ಸುಮಾರು ಹತ್ತು ನಿಮಿಷಗಳಲ್ಲಿ 1650 ಗುಂಡುಗಳು ವ್ಯಯವಾದವು. ಗಾಯಗೊಂಡವರನ್ನು ಬಿದ್ದಲ್ಲಿಯೇ ಬಿಟ್ಟು ಸೈನ್ಯವು ಹಿಂದಿರುಗಿತು.

ಈ ವಾರ್ತೆಯು ದೇಶದಲ್ಲಿ ಹಬ್ಬಲು ಸರಕಾರವು ಅವಕಾಶ ಕೊಡಲಿಲ್ಲ. ಪಂಜಾಬದಲ್ಲಿ ಸೈನಿಕ ಶಾಸನವು ಜಾರಿಯಾಯಿತು. ಲಾಹೋರಿನ 'ಟ್ರಿಬ್ಯೂನ್' ಪತ್ರಿಕೆಯ ಸಂಪಾದಕರಾದ ಕಾಲೀನಾಥ ರಾಯರಿಗೆ ಎರಡು ವರ್ಷಗಳ ಸೆರೆವಾಸವನ್ನು ವಿಧಿಸಲಾಯಿತು. ಅನಂತರ ಅದು ಮೂರು ತಿಂಗಳಿಗೆ ಇಳಿಯಿತು. ಮುಂಬಯಿಯ 'ಬಾಂಬೆ ಕ್ರಾನಿಕಲ್' ಪತ್ರಿಕೆಯ ಸಂಪಾದಕರಾಗಿದ್ದ ಹಾರ್ನಿಮನ್ ಅವರು ಜನ್ಮತಃ ಆಂಗ್ಲರಾದರೂ ಭಾರತೀಯರ ಪಕ್ಷವನ್ನು ವಹಿಸಿದವರು. ಅವರನ್ನು ಏಪ್ರಿಲ್ ತಿಂಗಳಲ್ಲಿಯೇ ಇಂಗ್ಲೆಂಡಿಗೆ ಗಡೀಪಾರು ಮಾಡಲಾಯಿತು. ಮುಚ್ಚಿದ ಬಾಯಿಗಳ ನಡುವೆಯೂ ಸತ್ಯವು ಹನಿಹನಿಯಾಗಿ ಹೊರಬಂದಿತು. ಅದನ್ನು ಕೇಳಿ ನೊಂದ ರವೀಂದ್ರನಾಥ ಠಾಕೂರರು ಮೇ ತಿಂಗಳ ಕೊನೆಯಲ್ಲಿ ವೈಸರಾಯರಿಗೆ ಪತ್ರ ಬರೆದು ತಮ್ಮ 'ಸರ್' ಪದವಿಯನ್ನು ತ್ಯಜಿಸಿದರು.

ಇಂಗ್ಲೆಂಡಿನಲ್ಲಿ ಪತ್ರಿಕೆಗಳಿಗೆ ಇಂತಹ ಬಂಧನವಿರಲಿಲ್ಲ. ಆದರೂ ಅಲ್ಲಿಯ ಜನರು ಮೊದಲು ಓದಿದ್ದು ಸರಕಾರದ ಚುಟುಕು ಪ್ರಕಟನೆಯನ್ನು ಮಾತ್ರ: ಗುಂಪು ನಿಷೇಧವನ್ನು ಮೀರಿತು, ಗುಂಡು ಹಾರಿತು, ಸುಮಾರು 200 ಮಂದಿ ಸತ್ತರು ಅಥವಾ ಗಾಯಗೊಂಡರು. ಕೊಂದವನು ಯಾರು, ಸತ್ತವರು ಯಾರು ಎಂಬುದಕ್ಕೆ ಆ ವಾಕ್ಯದಲ್ಲಿ ಸ್ಥಳವಿರಲಿಲ್ಲ. ನವೆಂಬರಿನಲ್ಲಿ ಡೈಯರನು ಹಂಟರ್ ಸಮಿತಿಯ ಮುಂದೆ ನಿಂತು, ಪಂಜಾಬಿನಾದ್ಯಂತ ಭಯವುಂಟಾಗಲೆಂದೇ ಗುಂಡು ಹಾರಿಸಿದುದಾಗಿ ತಾನೇ ಒಪ್ಪಿಕೊಂಡನು. ಆ ಹೇಳಿಕೆಯು ಡಿಸೆಂಬರಿನಲ್ಲಿ ಲಂಡನ್ನಿನ ಪತ್ರಿಕೆಗಳಲ್ಲಿ ಅಚ್ಚಾಯಿತು. ವಿವರಗಳು ತಮಗೂ ಪತ್ರಿಕೆಗಳಿಂದಲೇ ತಿಳಿದವೆಂದು ಭಾರತ ಮಂತ್ರಿ ಮಾಂಟೆಗೂ ಅವರು ಪಾರ್ಲಿಮೆಂಟಿನಲ್ಲಿ ಹೇಳಿದರು. ಘಟನೆ ನಡೆದು ಆಗ ಎಂಟು ತಿಂಗಳಾಗಿದ್ದವು!

ಅನಂತರ ಆ ದೇಶದ ಪತ್ರಿಕೆಗಳೇ ಇಬ್ಭಾಗವಾದವು. 'ಮ್ಯಾಂಚೆಸ್ಟರ್ ಗಾರ್ಡಿಯನ್' ಪತ್ರಿಕೆಯು ಡೈಯರನ ಕೃತ್ಯವನ್ನು ಖಂಡಿಸಿತು. 'ಮಾರ್ನಿಂಗ್ ಪೋಸ್ಟ್' ಪತ್ರಿಕೆಯಾದರೋ ಅವನನ್ನು ಸಾಮ್ರಾಜ್ಯದ ರಕ್ಷಕನೆಂದು ಹೊಗಳಿ, ಓದುಗರಿಂದ 26,000 ಪೌಂಡುಗಳಿಗೂ ಮಿಕ್ಕಿದ ನಿಧಿಯನ್ನು ಕೂಡಿಸಿತು. 1920ರ ಜುಲೈಯಲ್ಲಿ ಚರ್ಚಿಲ್ಲರು ಕಾಮನ್ಸ್ ಸಭೆಯಲ್ಲಿ ಆ ಹತ್ಯೆಯನ್ನು ಪೈಶಾಚಿಕವೆಂದು ಕರೆದರು. ಅದೇ ತಿಂಗಳು ಪ್ರಭುಗಳ ಸಭೆಯು 129ಕ್ಕೆ 86 ಮತಗಳಿಂದ ಡೈಯರನ ಪರವಾಗಿ ನಿಂತಿತು. ಗಡೀಪಾರಾಗಿದ್ದ ಹಾರ್ನಿಮನ್ ಅವರು ಮಾತ್ರ ಸುಮ್ಮನಿರಲಿಲ್ಲ. ಅದೇ ವರ್ಷ ಅಮೃತಸರದ ಬಗ್ಗೆ ಗ್ರಂಥವೊಂದನ್ನು ಪ್ರಕಟಿಸಿ ತಮ್ಮ ಜನರಿಗೆ ಅವರ ಕರ್ತವ್ಯವನ್ನು ನೆನಪಿಸಿದರು. ಮುಂಬಯಿಯ ವೃತ್ತವೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಸತ್ತವರ ಲೆಕ್ಕವೂ ಎರಡಾಯಿತು. ಹಂಟರ್ ಸಮಿತಿಯು 379 ಎಂದಿತು. ಕಾಂಗ್ರೆಸ್ಸಿನ ವಿಚಾರಣಾ ಸಮಿತಿಯು ಸುಮಾರು 1000 ಎಂದಿತು. ವಾರ್ತೆಯನ್ನು ಆರಂಭದಲ್ಲಿಯೇ ಅದುಮಿದುದರ ಫಲವಿದು. ಹೊತ್ತಿಗೆ ಸರಿಯಾಗಿ ಎಣಿಸದ ಹೆಣಗಳನ್ನು ಅನಂತರ ಎಣಿಸುವವರು ಯಾರು?

ಇದರಿಂದ ನಾವು ಪರರನ್ನು ದೂಷಿಸುವುದನ್ನಷ್ಟೇ ಕಲಿತರೆ ಸಾಲದು. ಡೈಯರನ ಪಕ್ಷದವರು ಐವರು ಐರೋಪ್ಯರ ಸಾವನ್ನು ಮುಂದುಮಾಡಿ ನೂರಾರು ಭಾರತೀಯರ ಸಾವನ್ನು ಮರೆಸಿದರು. ನಾವು ಬಾಗಿನ ಕಥೆಯನ್ನು ಹೇಳುವಾಗ ಆ ಐವರನ್ನು ಮರೆತರೆ ನಮ್ಮದೂ ಅದೇ ದೋಷವಾಗುತ್ತದೆ. ನಮ್ಮವರ ರಕ್ತಕ್ಕೆ ಒಂದು ಬೆಲೆ, ಅನ್ಯರ ರಕ್ತಕ್ಕೆ ಇನ್ನೊಂದು ಬೆಲೆ ಎಂಬ ತಕ್ಕಡಿಯೇ ಅಸತ್ಯದ್ದು. ಇಂದು ವಾರ್ತೆಯು ಕ್ಷಣಮಾತ್ರದಲ್ಲಿ ಲೋಕವನ್ನು ಸುತ್ತುತ್ತದೆ. ಆದರೆ ಆ ತಕ್ಕಡಿಯು ಇನ್ನೂ ಮಾಯವಾಗಿಲ್ಲ. ಹಿಂಸೆಯ ಸುದ್ದಿ ಕಿವಿಗೆ ಬಿದ್ದಾಗ, ಸತ್ತವರು ಯಾರು, ಕೊಂದವರು ಯಾರು, ಇದನ್ನು ಹೇಳುತ್ತಿರುವವರು ಯಾರು ಎಂದು ಕೇಳಿ ತಿಳಿದ ಮೇಲೆಯೇ ಮಾತನಾಡುವುದು ವಿವೇಕಿಗಳ ಲಕ್ಷಣ. ಕಾಲೀನಾಥ ರಾಯರೂ ಹಾರ್ನಿಮನ್ನರೂ ಪಟ್ಟ ಕಷ್ಟಕ್ಕೆ ನಾವು ಸಲ್ಲಿಸಬಹುದಾದ ಗೌರವವೂ ಅದೇ.